ಗೋಡೆಯೊಳಗಿನ ನೀರು

"ಈ ಹೊತ್ತಲ್ಲಿ ಯಾರು ನೀರು ಬಿಟ್ಕೊಂಡು ಕೂತಿದಾರೆ?"

ಯಾರನ್ನೂ ಕೇಳಿದ್ದಲ್ಲ. ಅಡಿಗೆಮನೆಯಲ್ಲಿ ಅವನೊಬ್ಬನೇ ಇದ್ದ. ಹೆಂಡತಿ ಶಾಲೆಯ ಆಫೀಸಿಗೆ ಹೋಗಿಯಾಗಿತ್ತು, ಅಪ್ಪ ಎಂದಿನಂತೆ ಹಿಂದಿನ ಬಚ್ಚಲು ಸೇರಿದ್ದರು, ಒಲೆಯ ಮೇಲಿನ ಹಾಲಿನ ಪಾತ್ರೆ ಮಾತ್ರ ಅವನ ಮಾತು ಕೇಳಿಸಿಕೊಂಡಂತೆ ಸಣ್ಣಗೆ ನಡುಗಿತು. ಅವನು ಒಲೆ ಆರಿಸಿದ. ಉರಿಯ ಸದ್ದು ನಿಂತ ಮೇಲೆ ಇನ್ನೊಂದು ಸದ್ದು ಸ್ಪಷ್ಟವಾಯಿತು. ಸಿಂಕಿನ ಮೇಲೆ, ಗೋಡೆಯೊಳಗೆ, ಯಾರೋ ಬಾಯಿ ಮುಚ್ಚಿಕೊಂಡು ಒಂದೇ ಸ್ವರ ಹಿಡಿದಂತೆ ಪೈಪು ಗುಂಯ್ ಎನ್ನುತ್ತಿತ್ತು. ಒಣಗಲು ಬೋರಲಿಟ್ಟಿದ್ದ ಸ್ಟೀಲ್ ಲೋಟ ತೆಗೆದು, ಅದರ ಬಾಯಿಯನ್ನು ಗೋಡೆಗೂ ತಳವನ್ನು ಕಿವಿಗೂ ಒತ್ತಿ ನಿಂತ. ಹೀಗೆ ನಿಂತಿದ್ದಾಗಲೇ ಹಿಂದೊಂದು ದಿನ ಹೆಂಡತಿ ನೋಡಿಬಿಟ್ಟಿದ್ದಳು. "ಡಾಕ್ಟ್ರೇ, ಗೋಡೆಗೆ ಎಷ್ಟು ದಿನದಿಂದ ಕೆಮ್ಮು?" ಎಂದು ಕೇಳಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಆ ನಗು ಅವನಿಗೆ ಸರಿಬಂದಿರಲಿಲ್ಲ. ನಗುವವರು ಬಾಯಿ ಯಾಕೆ ಮುಚ್ಚಿಕೊಳ್ಳಬೇಕು? ಮೆಟ್ಟಿಲ ಮೇಲೆ ನಿಂತು ಮೇಲಿನ ಮನೆಯವಳ ಜೊತೆ ಮಾತಾಡುವಾಗ ಈ ಲೋಟದ ವಿಷಯವೂ ಬಂದುಹೋಗಿರಬಹುದೆ? ಆಮೇಲೆ ಎರಡು ದಿನ ಅವಳು ಕೊಟ್ಟ ಲೋಟಗಳನ್ನೆಲ್ಲ ಅವನು ತಳ ತಿರುಗಿಸಿ ನೋಡಿಯೇ ಕುಡಿದ. ಏನು ಹುಡುಕುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ.

ಸದ್ದು ಮೇಲಿನಿಂದಲೇ ಇಳಿಯುತ್ತಿತ್ತು. ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಉಳಿದ ಎಲ್ಲದರಲ್ಲೂ ಇತ್ತು. ಅನುಮಾನ ಪಡುವುದಕ್ಕೇ ಅವನಿಗೆ ಸಂಬಳ. ಮುದ್ರಣಾಲಯದಲ್ಲಿ ಮಧ್ಯಾಹ್ನದ ಪಾಳಿಗೆ ಕೂತು ಪಠ್ಯಪುಸ್ತಕಗಳ ಕರಡು ತಿದ್ದುತ್ತಾನೆ. ಸರಿಯಾಗಿರುವ ಸಾಲನ್ನೂ ಸರಿಯಿಲ್ಲವೆಂದುಕೊಂಡೇ ಓದಬೇಕು, ಇಲ್ಲದಿದ್ದರೆ ಕಣ್ಣು ತಾನು ಬಯಸಿದ್ದನ್ನು ಓದಿಕೊಂಡು ಮುಂದೆ ಹೋಗಿಬಿಡುತ್ತದೆ. ಹೊಸಬರಿಗೆ ಅವನು ಇದನ್ನೇ ಹೇಳಿಕೊಡುವುದು. ಹೊಸಬರು ತಲೆಯಾಡಿಸುತ್ತಾರೆ, ಅವನು ಆ ಕಡೆ ತಿರುಗಿದೊಡನೆ ಕಣ್ಣು ಮಿಟುಕಿಸಿಕೊಳ್ಳುತ್ತಾರೆ. ಅದೂ ಅವನಿಗೆ ಗೊತ್ತು.

ಕಟ್ಟಡಕ್ಕೆಲ್ಲ ಒಂದೇ ಟ್ಯಾಂಕು. ಬೀದಿಯ ನೀರು ನಸುಕಿನಲ್ಲಿ ಬಂದು ನೆಲದಡಿಯ ಸಂಪು ತುಂಬುತ್ತದೆ. ಪಂಪು ಅದನ್ನು ತಾರಸಿಗೆ ಎತ್ತುತ್ತದೆ. ತಾರಸಿಯಿಂದ ಒಂದೊಂದು ಮನೆಗೆ ಒಂದೊಂದು ಪೈಪು, ಪೈಪಿಗೊಂದು ವಾಲ್ವು. ಯಾರ ಮನೆಗೂ ಮೀಟರಿಲ್ಲ. ಮೊದಲೆಲ್ಲ ಹೀಗೇ ಸಾಗಿಹೋಗುತ್ತಿತ್ತು. ಬೇಸಿಗೆ ಕಾಲಿಟ್ಟ ಮೇಲೆ ಟ್ಯಾಂಕು ಸಂಜೆಯೊಳಗೆ ತಳ ಕಾಣತೊಡಗಿತು. ಬೆನ್ನಿಗೆ ಸೋಪು ಹಚ್ಚಿಕೊಂಡವರು ಹಾಗೇ ನಿಂತರು, ಕುಕ್ಕರು ತೊಳೆಯದೆ ಉಳಿಯಿತು, ಜಗಲಿಯಲ್ಲಿ ಹೂವಿನ ಕುಂಡ ಇಟ್ಟವರನ್ನು ಜನ ಕಳ್ಳರನ್ನು ನೋಡಿದ ಹಾಗೆ ನೋಡಿದರು. ಕಟ್ಟಡದ ಕಾರ್ಯದರ್ಶಿ, ನೀರು ಯಾವಾಗ ಬಿಡಬೇಕು ಯಾವಾಗ ತಡೆಯಬೇಕು ಎಂದು ಗೊಣಗುತ್ತಲೇ ಬದುಕುವ, ಎಲ್ಲರೂ ಬೆನ್ನ ಹಿಂದೆ 'ಅಣೆಕಟ್ಟು' ಎಂದು ಕರೆಯುವ ದಪ್ಪ ಮನುಷ್ಯ, ಪಂಪಿನ ಕೋಣೆಯ ಮುಂದೆ ಎಲ್ಲರನ್ನೂ ನಿಲ್ಲಿಸಿಕೊಂಡಿದ್ದ. "ಒಂದ್ಸಲ ಪಂಪು ಓಡಿದ್ರೆ ಸಾಕಾಗ್ತಿತ್ತು. ಈಗ ಎರಡೆರಡು ಸಲ ಓಡಿಸ್ಬೇಕು. ಕರೆಂಟಿನ ಮಾತು ಆಮೇಲೆ, ಸಂಪಲ್ಲಿ ನೀರಿಲ್ದೆ ಬರೀ ಗಾಳಿ ಎಳ್ದು ಎಳ್ದು ಮೋಟರೇ ಸುಟ್ಟುಹೋಗತ್ತೆ. ಯಾರ ಮನೇಲಿ ಹೊಳೆ ಹರೀತಿದೆ, ನೀವೇ ಹೇಳ್ಬಿಡಿ ಸ್ವಾಮಿ." ಎಲ್ಲರೂ ಒಬ್ಬರ ಕಾಲನ್ನೊಬ್ಬರು ನೋಡಿದರು, ಒದ್ದೆಯಾಗಿರುವ ಕಾಲು ಯಾರದೆಂದು. ಆಗ ಅವನು ಗಂಟಲು ಸರಿಮಾಡಿಕೊಂಡು ಹೇಳಿದ್ದ: "ನಾನು ಯಾರ ಹೆಸರೂ ಹೇಳಲ್ಲ. ಬೆಳಗ್ಗೆಯೆಲ್ಲ ಮನೇಲಿರ್ತೀನಿ. ನಲ್ಲಿ ಬಿಟ್ಟ ಸದ್ದು ಕೇಳ್ತಾ ಇರ್ತೀನಿ. ಅದು ಮೇಲಿಂದ ಬರತ್ತೆ."

ಅವನ ಮನೆಯ ಮೇಲೆ ಆ ಮಗ್ಗುಲಲ್ಲಿ ಇರುವುದು ಒಂದೇ ಮನೆ. ತಪ್ಪಾದ ಪದದ ಮೇಲೆ ಗೀಟು ಹಾಕದೆ ಅಂಚಿನಲ್ಲಿ ಮಾತ್ರ ಗುರುತು ಮಾಡಿ ಬಿಟ್ಟಂತೆ, ಎಲ್ಲರೂ ತಾವಾಗಿಯೇ ತಿರುಗಿ ಆ ಮನೆಯ ಅವಳಿ ಮಕ್ಕಳ ಅಮ್ಮನನ್ನು ನೋಡಿದರು. ಕಂಕುಳಲ್ಲೊಂದು ಹೆಗಲಲ್ಲೊಂದು ಮಗು ಹೊತ್ತು ನಿಂತಿದ್ದಳು. ಗಂಡ ಊರೂರು ತಿರುಗುವ ಕೆಲಸದವನು. "ನಮ್ಮಲ್ಲಿ ಬಟ್ಟೆ ಜಾಸ್ತಿ ಆಗತ್ತೆ, ನಿಜ. ಆದ್ರೆ ನಲ್ಲಿ ಬಿಟ್ಟು ಕೂರಲ್ಲ ನಾನು," ಎಂದಳು. ಹೆಗಲ ಮೇಲಿನ ಮಗು ಅದೇ ಗಳಿಗೆಯಲ್ಲಿ ಅವಳ ಮೈಮೇಲೆ ಕಕ್ಕಿತು. ಯಾರೋ ನಕ್ಕರು. ಅಣೆಕಟ್ಟು ನಗಲಿಲ್ಲ, "ಇವ್ರ ಕಣ್ಣಿಗೆ ಒಂದು ಕಾಮಾ ತಪ್ಪಲ್ಲ, ಕಿವಿಗೆ ಹೊಳೆ ತಪ್ಪತ್ತಾ?" ಎಂದು ಅವನ ಬೆನ್ನು ತಟ್ಟಿ, ಸ್ಪ್ಯಾನರು ಹಿಡಿದು ತಾರಸಿಗೆ ಹೋಗಿ ಅವಳ ಮನೆಯ ವಾಲ್ವನ್ನು ದಾರದಷ್ಟು ನೀರು ಮಾತ್ರ ಇಳಿಯುವಂತೆ ಬಿಗಿದು ಬಂದ. ಬೆನ್ನು ತಟ್ಟಿದ ಕೈ ಒದ್ದೆಯಾಗಿತ್ತು. ಅಂಗಿಯ ಮೇಲೆ ಆ ಒದ್ದೆ ಆರುವವರೆಗೂ ಅವನಿಗೆ ಖುಷಿಯಾಗಿತ್ತು, ಆ ಖುಷಿಯ ಬಗ್ಗೆ ಸಣ್ಣ ಸಂಶಯವೂ ಇತ್ತು. ಅಲ್ಲಿಯವರೆಗೆ ಅವನನ್ನು ಅಣ್ಣ ಎನ್ನುತ್ತಿದ್ದ ಅವಳು ಮಾರನೆಯ ದಿನದಿಂದ ಸಾರ್ ಎನ್ನತೊಡಗಿದಳು.

ಈಗ ವಾಲ್ವು ಬಿಗಿದ ಮೇಲೂ ಗುಂಯ್ ಎನ್ನುತ್ತಿದೆ. ಕೇಳುತ್ತ ನಿಂತವನಿಗೆ ಆ ಸದ್ದಿನಲ್ಲಿ ಒಂದು ನಡೆ ಇದೆಯೆನಿಸಿತು. ಹಿಡಿಯುತ್ತದೆ, ತೆಳುವಾಗುತ್ತದೆ, ನಿಂತೇಹೋಯಿತು ಎನ್ನುವಷ್ಟರಲ್ಲಿ ಮತ್ತೆ ಹಿಡಿಯುತ್ತದೆ, ಒಂದು ಸಾಲಿನ ಕೊನೆಗೆ ಬಂದು ಉಸಿರು ತೆಗೆದುಕೊಂಡ ಹಾಗೆ. ಚಿಕ್ಕವನಿದ್ದಾಗ ಬೆಳಕು ಹರಿಯುವ ಮುಂಚೆ ಅಪ್ಪ ಮಿಂದು ಬಂದು ಚಾಪೆಯ ಮೇಲೆ ಕೂತು ಪದ್ಯ ಓದುತ್ತಿದ್ದರು. ಪುಸ್ತಕ ಇರುತ್ತಿರಲಿಲ್ಲ. ಎದುರಿಗೆ ಇವನು ಕಂಬಳಿ ಹೊದ್ದು ಕೂತು ಹೂಂ ಎನ್ನಬೇಕು. ಅದೇ ಇವನ ಕೆಲಸ. ಪ್ರತಿ ಪದ್ಯದ ಕೊನೆಗೆ ಒಂದು ಹೂಂ. ನಿದ್ದೆಗಣ್ಣಿನಲ್ಲಿ ಸಾಲು ಮುಗಿಯುವ ಮೊದಲೇ ಹೂಂ ಎಂದುಬಿಟ್ಟರೆ ಅಪ್ಪ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಮೊದಲಿನಿಂದ ಶುರುಮಾಡುತ್ತಿದ್ದರು. "ಕೇಳದೆ ಹೂಂ ಅಂದ್ರೆ ದೇವರಿಗೂ ಮೋಸ, ನಂಗೂ ಮೋಸ, ನಿಂಗೂ ಮೋಸ ಕಣೋ." ಆ ಮೂರರಲ್ಲಿ ಯಾವುದು ದೊಡ್ಡದು ಎಂದು ಇವನು ಕೇಳಿರಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಅಮ್ಮ ಮಗ್ಗುಲು ಬದಲಿಸುವ ಸದ್ದು, ಹಂಡೆಯ ನೀರು ಕುದಿಯುವ ಸದ್ದು, ಅವುಗಳ ನಡುವೆ ಅಪ್ಪನ ದನಿ ಒಂದೊಂದು ಅಕ್ಷರವನ್ನೂ ತೂಗಿ ಇಡುತ್ತಿತ್ತು. ಈಗ ಅಪ್ಪ ಓದುವುದಿಲ್ಲ. ಬೆಳಗಾದರೆ ಹಿಂದಿನ ಬಚ್ಚಲಿಗೆ ಹೋದವರು ಹೊರಗೆ ಬರುವುದೇ ಇಲ್ಲ. ಬಂದರೂ ಸ್ವಲ್ಪ ಹೊತ್ತು ಕೂತಿದ್ದು ಮತ್ತೆ ಹೋಗುತ್ತಾರೆ. ಆ ಬಾಗಿಲನ್ನು ಇವನು ಎಂದೂ ತಟ್ಟಿದವನಲ್ಲ. ಅಪ್ಪ ಒಳಗಿದ್ದಾಗ ತಟ್ಟುವುದು ಪದ್ಯದ ನಡುವೆ ಮಾತಾಡಿದಂತೆ.

ವಾಲ್ವು ಬಿಗಿದಿದೆ, ನೀರು ಹರಿಯುತ್ತಿದೆ. ಹಾಗಾದರೆ ಅವಳೇ ವಾಲ್ವು ತಿರುಗಿಸಿಕೊಂಡಿದ್ದಾಳೆ. ತಾರಸಿಯ ಬೀಗದ ಕೈಯನ್ನು ಯಾರೋ ಕೊಟ್ಟಿದ್ದಾರೆ. ಯಾರು? ಒಂದು ಕೈ ಇವನ ಮನೆಯಲ್ಲೂ ಇದೆ, ಬಟ್ಟೆ ಒಣಹಾಕಲು ಹೆಂಡತಿ ಇಟ್ಟುಕೊಂಡಿರುವುದು. ಬಾಗಿಲ ಹಿಂದಿನ ಮೊಳೆಯಲ್ಲಿ ಅದು ನೇತಾಡುತ್ತಿತ್ತು, ಆದರೆ ಉಂಗುರ ಇವನು ಇಡುವ ಹಾಗೆ ಗೋಡೆಯ ಕಡೆಗಿರದೆ ಹೊರಗಡೆಗಿತ್ತು. ಲೋಟವನ್ನು ಹಾಗೇ ಕೈಯಲ್ಲಿ ಹಿಡಿದು ಬಾಗಿಲು ತೆರೆದು ಮೆಟ್ಟಿಲಿಗೆ ಬಂದ. ಕೈಯಲ್ಲಿ ಲೋಟವಿದೆಯೆಂದು ಹೊಳೆದದ್ದು ಕೆಳಗಿನಿಂದ ಅವಳು ಹತ್ತಿ ಬರುವುದನ್ನು ಕಂಡ ಮೇಲೆ.

ಎರಡು ಕೈಯಲ್ಲೂ ತುಂಬಿದ ಬಕೆಟ್. ಒಂದೊಂದು ಮೆಟ್ಟಿಲಿಗೂ ನಿಂತು, ಬಕೆಟ್ ಇಳಿಸಿ, ಬೆರಳು ಬಿಚ್ಚಿ ಮಡಚಿ, ಮತ್ತೆ ಎತ್ತಿಕೊಳ್ಳುತ್ತಿದ್ದಳು. ಸಂಪಿನ ಪಕ್ಕದ ನಲ್ಲಿಯಿಂದ ಹೊತ್ತು ತರುತ್ತಿದ್ದಾಳೆ. ಇವನನ್ನು ನೋಡಿ ಗೋಡೆಗೆ ಸರಿದು ದಾರಿ ಬಿಟ್ಟಳು.

"ಇಳೀರಿ ಸಾರ್."

"ಇಳಿಯಲ್ಲ, ಮೇಲೆ ಬರ್ತಿದ್ದೆ. ನಿಮ್ಮನೇಲಿ ಈಗ ಯಾರಿದಾರೆ?"

"ಇಬ್ರು ಇದಾರೆ. ಇಬ್ರಿಗೂ ಇನ್ನೂ ನಲ್ಲಿ ಎಟುಕಲ್ಲ." ಅವಳ ಕಣ್ಣು ಅವನ ಕೈಯ ಲೋಟದ ಮೇಲೆ ಬಿತ್ತು. "ನೀರು ಬೇಕಿತ್ತಾ?"

ಕುಹಕವೋ, ನಿಜವಾಗಿ ಕೇಳಿದ್ದೋ? ಲೋಟವನ್ನು ಬೆನ್ನ ಹಿಂದೆ ಹಿಡಿದುಕೊಂಡ, ಕದ್ದ ಹುಡುಗನ ಹಾಗೆ. ಒಂದು ಬಕೆಟ್ ತಾನು ಹಿಡಿಯಬೇಕೆಂದು ಅನಿಸಿತು, ಹಿಡಿದರೆ ತಪ್ಪೊಪ್ಪಿಕೊಂಡಂತಾದೀತೆಂದೂ ಅನಿಸಿತು. ಇನ್ನೊಂದು ಕೈ ಅರ್ಧ ಚಾಚಿ ಹಾಗೇ ಉಳಿಯಿತು. ಅವಳು ಅದನ್ನು ನೋಡದವಳಂತೆ ದಾಟಿ ಹತ್ತಿದಳು. "ಬನ್ನಿ. ಒಳಗೇ ಬಂದು ನೋಡ್ಕೊಂಡು ಹೋಗಿ. ಹೊರಗೆ ನಿಂತು ಕೇಳೋದಕ್ಕಿಂತ ಒಳ್ಳೇದಲ್ವಾ?"

ಮನೆಯೊಳಗೆ ಹಾಲು, ಪೌಡರು, ಒಣಗದ ಬಟ್ಟೆಗಳ ವಾಸನೆ. ಚಾಪೆಯ ಮೇಲೆ ಒಂದು ಮಗು ನಿದ್ದೆ ಮಾಡುತ್ತಿತ್ತು, ಇನ್ನೊಂದು ಎಚ್ಚರಾಗಿ ಅದರ ಕಿವಿ ಹಿಡಿದುಕೊಂಡಿತ್ತು. ಬಚ್ಚಲಿನ ಮೂಲೆಯಲ್ಲಿ ಮಕ್ಕಳ ಬಟ್ಟೆ ರಾಶಿ ಬಿದ್ದಿತ್ತು. ಅವಳು ನಲ್ಲಿ ಪೂರ್ತಿ ತಿರುಗಿಸಿ ತೋರಿಸಿದಳು. ನೀರು ಬಂತು, ಸೂಜಿಗೆ ಪೋಣಿಸಬಹುದಾದಷ್ಟು. ಅವಳು ಅದನ್ನು ನಿಲ್ಲಿಸಿದಳು. ಆಮೇಲೂ ಗೋಡೆಯೊಳಗೆ ಗುಂಯ್ ಎನ್ನುವುದು ನಿಲ್ಲಲಿಲ್ಲ. ಇಲ್ಲಿ ಇನ್ನೂ ಹತ್ತಿರ, ಭುಜದ ಪಕ್ಕದಲ್ಲೇ ಹಾದುಹೋಗುವ ಇನ್ನೊಂದು ಪೈಪಿನಲ್ಲಿ. ತಾರಸಿಯಿಂದ ಇಳಿದು, ಇಲ್ಲಿ ನಿಲ್ಲದೆ, ಕೆಳಗೆ ಹೋಗುವ ಪೈಪು. ಕೆಳಗೆ ಆ ಮಗ್ಗುಲಲ್ಲಿ ಇರುವುದೂ ಒಂದೇ ಮನೆ.

"ನಾನೂ ದಿನಾ ಕೇಳ್ತೀನಿ," ಎಂದಳು ಅವಳು, ಬಟ್ಟೆ ನೆನೆಹಾಕುತ್ತ. "ನಿಮ್ಮನೇಲಿ ಪಾತ್ರೆ ಬೆಳಗ್ತಾ ಇರ್ತಾರೆ ಅಂದ್ಕೊಂಡಿದ್ದೆ."

ಅವನು ಏನೋ ಹೇಳಿದ, ನೋಡ್ತೀನಿ ಎಂದೋ ಬರ್ತೀನಿ ಎಂದೋ. ಮೆಟ್ಟಿಲಿಳಿಯುವಾಗ ಹೆಂಡತಿಯ ಮೇಲೆ ಸಂಶಯ ಬಂತು, ನಲ್ಲಿ ಬಿಟ್ಟು ಹೋಗಿರಬೇಕು, ಬೇಕೆಂದೇ ಬಿಟ್ಟಿರಬೇಕು, ಗೋಡೆಗೆ ಕೆಮ್ಮು ಬರಿಸಲು. ಪ್ಲಂಬರನ ಮೇಲೆ ಬಂತು, ಕೊನೆಗೆ ತನ್ನ ಮೇಲೂ ಬಂತು. ಮುದ್ರಣಾಲಯದಲ್ಲಿ ತಾನೇ ಒಮ್ಮೆ ಬರೆದುಕೊಟ್ಟ ಮುನ್ನುಡಿಯೊಂದನ್ನು ತಾನೇ ತಿದ್ದಿ ಅಚ್ಚಿಗೆ ಕಳಿಸಿದ್ದ. ಮೊದಲ ಸಾಲಿನಲ್ಲೇ ತಪ್ಪು ಉಳಿದಿತ್ತು. ಹೊಸಬರು ಆ ಪುಟವನ್ನು ಕತ್ತರಿಸಿ ನೀರಿನ ಹೂಜಿಯ ಮೇಲಿನ ಗೋಡೆಗೆ ಅಂಟಿಸಿದ್ದರು, ಬಹಳ ದಿನ ಅವನು ಬಾಯಾರಿಕೆ ತಡೆದುಕೊಂಡು ಕೂತಿದ್ದ. ಮನೆಗೆ ಬಂದು ಅಡಿಗೆಮನೆಯ ನಲ್ಲಿ ನೋಡಿದ, ಮುಂದಿನ ಬಚ್ಚಲಿನದು ನೋಡಿದ. ಎರಡೂ ನಿಂತಿದ್ದವು. ಉಳಿದದ್ದು ಹಿಂದಿನ ಬಚ್ಚಲು. ಮನೆಯೊಳಗಿನ ಓಣಿಯ ಕೊನೆಯಲ್ಲಿ ಮುಚ್ಚಿದ ಬಾಗಿಲು. ಇದಕ್ಕೆ ಮುಂಚೆ ಆ ಬಾಗಿಲು ಅವನ ಲೆಕ್ಕಕ್ಕೇ ಬಂದಿರಲಿಲ್ಲ.

ಬಾಗಿಲಿಗೆ ಕಿವಿಯಿಟ್ಟ. ಲೋಟದ ಅಗತ್ಯವಿರಲಿಲ್ಲ. ಬಟ್ಟೆಯ ಮೇಲೆ ಬೀಳುವ ನೀರಿನ ಮೆತ್ತನೆಯ ಸದ್ದು. ಅದರ ಜೊತೆ ಅಪ್ಪನ ದನಿ, ಬಹಳ ಕಾಲದಿಂದ ಕೇಳದ ಆ ಓದುವ ದನಿ, ಪದಗಳು ತಿಳಿಯದಷ್ಟು ಕೆಳಗಿನ ಸ್ಥಾಯಿಯಲ್ಲಿ. ಒಂದು ಸಾಲು ಓದಿ ನಿಂತರು. ಏನಕ್ಕೋ ಕಾದರು. ನಲ್ಲಿ ಇನ್ನಷ್ಟು ತಿರುಗಿತು. ಇವನ ಎದೆಯಲ್ಲಿ ಮೊದಲು ಎದ್ದದ್ದು ಕರುಣೆಯಲ್ಲ. ಅಪ್ಪನಿಗೆ ಅರಳುಮರಳು ಎಂದುಕೊಂಡ. ಇಲ್ಲ, ಬೇಕೆಂದೇ ಮಾಡುತ್ತಿದ್ದಾರೆ, ಓದು ಕೇಳುವವರಿಲ್ಲವೆಂದು ಮನೆಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡ. ಆಮೇಲೆ, ಅಣೆಕಟ್ಟಿಗೆ ಗೊತ್ತಾದರೆ! ಕೈ ತಾನಾಗಿಯೇ ಬಾಗಿಲು ತಟ್ಟಿತು.

ಒಳಗೆ ನೀರು ನಿಂತಿತು. ಓದು ನಿಂತಿತು.

"ಯಾರು?"

"ನಾನು, ಅಪ್ಪ."

"ಬರ್ತೀನಿ. ಹೋಗು."

ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ನಲ್ಲಿಯ ಕೆಳಗೆ ಮಡಿಸಿಟ್ಟ ಒದ್ದೆ ಟವೆಲು, ಮೂಲೆಯಲ್ಲಿ ಖಾಲಿ ಬಕೆಟ್, ಬೋರಲಾಗಿ. ಅಪ್ಪನ ಹಣೆಯ ಮೇಲೆ ಬೆವರು. ಹೊಟ್ಟೆಯ ಕೆಳಭಾಗವನ್ನು ಅಂಗೈಯಿಂದ ಒತ್ತಿಕೊಂಡು, ಗೋಡೆ ಹಿಡಿದು ಬಂದು ಓಣಿಯ ಕುರ್ಚಿಯಲ್ಲಿ ಕೂತರು.

"ನೀರು ಯಾಕೆ ಬಿಟ್ಕೊಂಡಿದ್ರಿ?"

"ಕೈ ತೊಳಿತಿದ್ದೆ."

"ಇಷ್ಟು ಹೊತ್ತಾ?"

ಅಪ್ಪ ಅವನ ಮುಖ ನೋಡಲಿಲ್ಲ. ಮೇಷ್ಟರಾಗಿದ್ದವರು, ಎಷ್ಟೋ ಹುಡುಗರು ಅವರೆದುರು ಹೀಗೆ ತಲೆತಗ್ಗಿಸಿ ನಿಂತದ್ದನ್ನು ಇವನು ನೋಡಿದ್ದ. "ಬರಲ್ಲ ಕಣೋ," ಎಂದರು ಕೊನೆಗೆ. "ಒತ್ತಡ ಇರತ್ತೆ, ಬರಲ್ಲ. ನೀರಿನ ಸದ್ದು ಕೇಳಿದ್ರೆ ಬರತ್ತೆ, ಹನಿ ಹನಿ. ಮೊದಮೊದಲು ಬಕೆಟ್‌ಗೇ ಬಿಡ್ತಿದ್ದೆ. ತುಂಬಿದ ಬಕೆಟ್ ನೋಡಿ ಸೊಸೆ, ಮಾವ ಯಾಕೆ ಇಷ್ಟು ನೀರು ಹಿಡಿದಿಟ್ಟಿದೀರಿ ಅಂದ್ಲು. ಏನಂತ ಹೇಳ್ಲಿ? ಆಮೇಲೆ ಹಿಡಿಯೋದು ಬಿಟ್ಟೆ, ಸದ್ದು ಹೊರಗೆ ಹೋಗದ ಹಾಗೆ ಕೆಳಗೆ ಟವೆಲು ಇಟ್ಕೊಂಡೆ."

ಇವನು ಚಿಕ್ಕವನಿದ್ದಾಗ ಹೀಗೇ ಒಮ್ಮೆ ಬಸ್ಸು ನಿಂತಿತ್ತು. ಯಾವುದೋ ರಸ್ತೆ, ಬೇಲಿಯ ಪಕ್ಕ, ಎಲ್ಲರೂ ಕಿಟಕಿಯಿಂದ ನೋಡುತ್ತಿದ್ದರು, ಚಡ್ಡಿ ಇಳಿಸಿಕೊಂಡು ನಿಂತ ಇವನಿಗೆ ಬರಲೊಲ್ಲದು. ಕಂಡಕ್ಟರ್ ಸೀಟಿ ಊದಿದ. ಅಪ್ಪ ಹಿಂದಿನಿಂದ ಬಂದು, ಕಿಟಕಿಗಳಿಗೆ ಅಡ್ಡವಾಗಿ ತಮ್ಮ ಬೆನ್ನು ಕೊಟ್ಟು ಬಗ್ಗಿ ನಿಂತು, ಕಿವಿಯ ಹತ್ತಿರ ಸ್ಸ್ಸ್ ಎಂದರು. ಎಷ್ಟೋ ಹೊತ್ತು ಹಾಗೇ ಅನ್ನುತ್ತಿದ್ದರು! ಬಸ್ಸು ಹೊರಟರೂ ಹೊರಡಲಿ ಎಂಬಂತೆ, ಉಸಿರು ಮುಗಿದರೆ ಮತ್ತೆ ಉಸಿರೆಳೆದು. ಮರಳಿ ಸೀಟಿಗೆ ಬಂದು ಕೂತ ಮೇಲೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಅಮ್ಮನಿಗೂ ಹೇಳಲಿಲ್ಲ.

"ನಂಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ? ನೀನು ಬಂದು ಹಿಂದೆ ನಿಂತ್ಕೊಂಡು ಸ್ಸ್ ಅಂತಿದ್ಯಾ?" ಅಪ್ಪ ನಕ್ಕರು. ಹಾಗಾದರೆ ಅವರಿಗೂ ಆ ಬಸ್ಸು ನೆನಪಿದೆ. ಇವನೂ ನಗಲು ನೋಡಿದ, ಆಗದೆ ಜೇಬಿನಿಂದ ಫೋನು ತೆಗೆದ.

"ಫೋನಲ್ಲಿ ನೀರಿನ ಸದ್ದು ಹಾಕ್ಕೊಡ್ತೀನಿ. ಇವತ್ತು ರಜೆ ಹಾಕ್ತೀನಿ, ಸಂಜೆ ಡಾಕ್ಟ್ರ ಹತ್ರ ಹೋಗೋಣ."

"ಹೋಗೋಣ. ಫೋನಿನ ನೀರು ನಂಬತ್ತೋ ಇಲ್ವೋ ನನ್ನ ಹೊಟ್ಟೆ, ನೋಡೋಣ."

ಅಷ್ಟಕ್ಕೇ ಮುಗಿಯಬಹುದಿತ್ತು. ಅವನ ಮನಸ್ಸು ಆಗಲೇ ಮುಂದಿನ ಸಾಲನ್ನು ತಿದ್ದತೊಡಗಿತ್ತು: ಡಾಕ್ಟರು, ಔಷಧಿ, ನಲ್ಲಿ ನಿಲ್ಲುತ್ತದೆ, ಟ್ಯಾಂಕು ಸಂಜೆಯವರೆಗೆ ಉಳಿಯುತ್ತದೆ, ಅವಳ ವಾಲ್ವು ಬಿಗಿದದ್ದರಿಂದಲೇ ಉಳಿಯಿತೆಂದು ಎಲ್ಲರೂ ತಿಳಿಯುತ್ತಾರೆ. ಅಣೆಕಟ್ಟು ಮತ್ತೆ ಬೆನ್ನು ತಟ್ಟುತ್ತಾನೆ. ಎಷ್ಟು ಸಲೀಸಾಗಿ ಕೂತಿತು ಎಲ್ಲ! ಕಣ್ಣು ತಾನು ಬಯಸಿದ್ದನ್ನು ಓದಿಕೊಂಡು ಹೋಗುವುದು ಹೀಗೆಯೇ. ಹೊರಗೆ ಮೆಟ್ಟಿಲ ಮೇಲೆ ಖಾಲಿ ಬಕೆಟ್ ಗೋಡೆಗೆ ತಾಗಿದ ಸದ್ದಾಯಿತು. ಅವಳು ಮತ್ತೆ ಇಳಿಯುತ್ತಿದ್ದಳು.

ಅಪ್ಪ ತಲೆಯೆತ್ತಿದರು. "ಆ ಹುಡುಗಿ ಇನ್ನೂ ಹೊರ್ತಾ ಇದಾಳಲ್ಲೋ. ಅವರ ಲೈನು ರಿಪೇರಿ ಅಂದಿದ್ದೆ ನೀನು."

ಊಟಕ್ಕೆ ಕೂತಾಗ ಅಪ್ಪ ಕೇಳಿದ್ದಕ್ಕೆ ಹಾಗೆ ಹೇಳಿದ್ದು ನಿಜ. ಆಗಲೂ ಅಪ್ಪ ಹೀಗೇ ನೋಡಿದ್ದರು, ಕೈಯಲ್ಲಿ ತುತ್ತು ಹಿಡಿದು. ಇನ್ನೊಮ್ಮೆ ರಿಪೇರಿ ಎನ್ನಲು ಬಾಯಿ ತೆರೆದ. ಒದ್ದೆ ಟವೆಲಿನಿಂದ ಹನಿ ಬೀಳುವುದು ಕೇಳುತ್ತಿತ್ತು. ಹೇಳಿದ, ಪೂರ್ತಿ ಹೇಳಲಿಲ್ಲ, ಅಲ್ಲಲ್ಲಿ ಬಿಟ್ಟು ಹೇಳಿದ. ಸಭೆ, ಸದ್ದು, ವಾಲ್ವು. ತಾನು ಹೆಸರು ಹೇಳಲಿಲ್ಲ ಎನ್ನುವುದನ್ನು ಎರಡು ಸಲ ಹೇಳಿದ. ಅಪ್ಪ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಮುಗಿದ ಮೇಲೆ ಕುರ್ಚಿಯ ಕೈ ಹಿಡಿದು ಎದ್ದರು.

"ಎಲ್ಲಿಗೆ?"

"ಆ ಕಾರ್ಯದರ್ಶಿ ಮನೆ ಯಾವ್ದು? ಕೆಳಗಿಂದಲ್ವಾ?"

"ಅಪ್ಪ, ಕೂತ್ಕೊಳ್ಳಿ. ನಾನೇ ತಾರಸಿಗೆ ಹೋಗಿ ಅವರ ವಾಲ್ವು ತಿರುಗಿಸಿ ಬರ್ತೀನಿ. ಈಗ್ಲೇ ಹೋಗ್ತೀನಿ."

"ಹೋಗು. ನಾನು ಕೆಳಗೆ ಹೋಗ್ತೀನಿ."

"ಏನಂತ ಹೇಳ್ತೀರಿ ಅಲ್ಲಿ? ಇಡೀ ಕಟ್ಟಡಕ್ಕೆ ನಿಮ್ಮ ಉಚ್ಚೆ ಸಮಾಚಾರ ಹೇಳ್ತೀರಾ? ನಗ್ತಾರೆ ಜನ. ನಿಮ್ಮ ಮರ್ಯಾದೆ..."

"ನನ್ನದಾ?" ಎಂದರು ಅಪ್ಪ. ಅಷ್ಟೇ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಚಪ್ಪಲಿಗಾಗಿ ಕಾಲಾಡಿಸತೊಡಗಿದರು. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಇನ್ನೊಂದು ಇವನ ಕಾಲಿನ ಹತ್ತಿರವಿತ್ತು. ಅದನ್ನು ಅತ್ತ ತಳ್ಳಬೇಕೋ ಇತ್ತ ಎಳೆದುಕೊಳ್ಳಬೇಕೋ ತಿಳಿಯದೆ ಹಾಗೇ ನಿಂತ. ಮೆಟ್ಟಿಲ ಮೇಲೆ ತುಂಬಿದ ಬಕೆಟ್‌ಗಳು ಏರಿ ಬರುತ್ತಿದ್ದವು, ಇಳಿಸುವ ಸದ್ದು, ಎತ್ತುವ ಸದ್ದು. ಅವನಿಗೆ ದನಿ ಏರಿಸಲು ಭಯವಾಯಿತು. ಗೋಡೆಗಳು ಎಷ್ಟು ತೆಳುವಾಗಿವೆ ಎಂದು ಅವನಷ್ಟು ಬಲ್ಲವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ.

ಅಪ್ಪನ ಮುಂದೆ ಮೊಣಕಾಲೂರಿ ಕೂತು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಪಿಸುಗುಟ್ಟಿದ: "ಅಪ್ಪ, ಇದೊಂದ್ಸಲ. ಪೈಪು ಒಳಗೇ ಸೋರ್ತಿತ್ತು, ಸರಿಮಾಡಿಸಿದ್ವಿ ಅಂತ ನಾನು ಹೇಳ್ತೀನಿ. ಅವಳಿಗೂ ನೀರು ಬರತ್ತೆ, ಯಾರಿಗೂ ಏನೂ ಆಗಲ್ಲ. ನೀವು ಏನೂ ಹೇಳ್ಬೇಕಾಗಿಲ್ಲ. ಯಾರಾದ್ರೂ ಕೇಳಿದ್ರೆ ಬರೀ ಹೂಂ ಅಂದ್ಬಿಡಿ, ಸಾಕು."

ಅಪ್ಪ ಬಗ್ಗಿ ಅವನ ಕೈಯಿಂದ ಚಪ್ಪಲಿ ಬಿಡಿಸಿಕೊಂಡರು. ಅದನ್ನು ನೆಲಕ್ಕಿಟ್ಟು, ಗೋಡೆ ಹಿಡಿದು, ನಿಧಾನವಾಗಿ ಕಾಲು ತೂರಿಸಿದರು.

"ಹೂಂ ಅನ್ನಲ್ಲ ನಾನು," ಎಂದರು.